ತುಮಕೂರಿನಿಂದ ಮಂಗಳೂರಿಗೆ: ರಾತ್ರಿ ತಂಗುವ ಊರನ್ನು ಹಗಲಿನಲ್ಲಿ ನೋಡುವ ಬಗೆ

ತುಮಕೂರಿನ ಕಡೆಯಿಂದ ಕರಾವಳಿಗೆ ಹೊರಡುವ ಗಾಡಿಗಳ ಪಟ್ಟಿ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಧರ್ಮಸ್ಥಳ, ಕುಕ್ಕೆ, ಕಟೀಲು, ಉಡುಪಿ, ಹೊತ್ತು ಮಿಕ್ಕರೆ ಕೊಲ್ಲೂರು. ಆ ಪಟ್ಟಿಯಲ್ಲಿ ಮಂಗಳೂರಿಗೆ ಸಿಗುವ ಪಾಲು ರಾತ್ರಿ ಹನ್ನೊಂದಕ್ಕೆ ಲಾಡ್ಜ್ ಹುಡುಕುವಷ್ಟು, ಬೆಳಗ್ಗೆ ಆರಕ್ಕೆ ಅದನ್ನು ಖಾಲಿ ಮಾಡುವಷ್ಟು. ನಾನೂ ಮೊದಲ ಸಲ ಹಾಗೆಯೇ ಹೋಗಿದ್ದೆ. ಏಪ್ರಿಲ್ ತಿಂಗಳ ಒಂದು ಶನಿವಾರ ರಾತ್ರಿ ಟೆಂಪೊ ಟ್ರಾವೆಲರ್‌ನಲ್ಲಿ ಹದಿನಾಲ್ಕು ಮಂದಿ ಹೊರಟು, ಮರುದಿನ ಧರ್ಮಸ್ಥಳದ ದರ್ಶನ ಮುಗಿಸಿ ಪಣಂಬೂರಿನ ಕಡಲತೀರಕ್ಕೆ ಇಳಿದಾಗ ಮಧ್ಯಾಹ್ನ ಒಂದೂವರೆ. ಚಪ್ಪಲಿಯನ್ನು ಗಾಡಿಯಲ್ಲೇ ಬಿಟ್ಟು ಓಡಿದ ಮಕ್ಕಳು ಕಾದ ಮರಳಿನ ನಡುವೆ ಮುಂದಕ್ಕೂ ಹೋಗಲಾರದೆ, ಹಿಂದಕ್ಕೂ ಬರಲಾರದೆ ಒಂಟಿಕಾಲಿನಲ್ಲಿ ಕುಣಿಯುತ್ತ ಅಳತೊಡಗಿದರು. ಹತ್ತೇ ನಿಮಿಷದಲ್ಲಿ ಎಲ್ಲರೂ ಗಾಡಿ ಹತ್ತಿದೆವು. ಮುನ್ನೂರು ಕಿಲೋಮೀಟರ್ ದಾಟಿ ಹೋಗಿ ನಾವು ಕಂಡ ಸಮುದ್ರ ಅಷ್ಟೇ.

ಆ ಬಳಿಕ ನಾಲ್ಕೈದು ಸಲ ಹೋಗಿ ಬಂದ ಮೇಲೆ ನನಗೆ ಖಚಿತವಾದದ್ದು ಒಂದು: ಮಂಗಳೂರನ್ನು ನೋಡಬೇಕಾದರೆ ಜಾಗಗಳ ಪಟ್ಟಿಗಿಂತ ಮೊದಲು ಹೊತ್ತಿನ ಪಟ್ಟಿ ಮಾಡಿಕೊಳ್ಳಬೇಕು. ಬೆಳಗ್ಗೆ ಗುಡಿ ಮತ್ತು ಬಂದರು, ಮಧ್ಯಾಹ್ನ ಸೂರಿನ ಅಡಿಯ ಜಾಗಗಳು, ಸಂಜೆ ಕಡಲು. ನಗರಕ್ಕೆ ಎರಡು ಹಗಲು, ಸುತ್ತಲಿನ ಊರುಗಳಿಗೆ ಎರಡು ಹಗಲು. ಕೆಳಗಿನ ಹೆಜ್ಜೆಗಳೆಲ್ಲ ಈ ಲೆಕ್ಕವನ್ನೇ ಹಿಡಿದು ಸಾಗುತ್ತವೆ.

ಮೊದಲ ಹೆಜ್ಜೆ: ತಿಂಗಳು ಗೊತ್ತುಮಾಡಿಕೊಳ್ಳುವುದು

ನವೆಂಬರ್‌ನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳು ಎಲ್ಲಕ್ಕೂ ಒಳ್ಳೆಯವು. ಯಕ್ಷಗಾನ ಮೇಳಗಳ ತಿರುಗಾಟ, ಭೂತಕೋಲ, ಕಂಬಳ ಇವೆಲ್ಲ ನಡೆಯುವುದೂ ಈ ಕಾಲದಲ್ಲಿಯೇ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಮಾರ್ಚ್ ಕಳೆದ ಮೇಲೆ ಸೆಕೆ ಶುರುವಾಗುತ್ತದೆ. ನಮ್ಮ ಬಿಸಿಲಿಗೂ ಅಲ್ಲಿನ ಸೆಕೆಗೂ ವ್ಯತ್ಯಾಸವಿದೆ: ತುಮಕೂರಿನಲ್ಲಿ ಮರದ ನೆರಳಿಗೆ ಬಂದರೆ ಮೈ ತಣ್ಣಗಾಗುತ್ತದೆ, ಮಂಗಳೂರಿನಲ್ಲಿ ನೆರಳಿನಲ್ಲಿ ಕುಳಿತರೂ ಬೆವರು ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಹತ್ತಿಯ ತೆಳುಬಟ್ಟೆಯನ್ನು ದಿನಕ್ಕೆ ಎರಡು ಜೊತೆಯಂತೆ ಇಟ್ಟುಕೊಳ್ಳಬೇಕು.

ಮಳೆಗಾಲದ ಮಾತೇ ಬೇರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನೆಲ ಅದು. ಪಾವಗಡ, ಶಿರಾ ಕಡೆಯವರು ನಾಲ್ಕೈದು ವರ್ಷ ಕೂಡಿಸಿದರೂ ಅಷ್ಟು ಮಳೆ ಕಾಣುವುದಿಲ್ಲ. ಅದನ್ನು ನೋಡಲೆಂದೇ ಹೋಗುವುದಾದರೆ ಹೋಗಬಹುದು. ಆದರೆ ಆಗ ಕಡಲಿಗೆ ಇಳಿಯಲು ಬಿಡುವುದಿಲ್ಲ, ಮಲ್ಪೆಯ ದ್ವೀಪಕ್ಕೆ ದೋಣಿ ಹೋಗುವುದಿಲ್ಲ, ಘಟ್ಟದ ರಸ್ತೆಯಲ್ಲಿ ಗುಡ್ಡ ಯಾವಾಗ ಜರಿಯುತ್ತದೆ ಎಂದು ಹೇಳಲಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುವುದರಿಂದ, ಮೀನೂಟದ ಆಸೆಯಿಟ್ಟುಕೊಂಡು ಹೋದವರಿಗೆ ಬೆಲೆ ನೋಡಿ ನಿರಾಸೆಯಾದೀತು.

ಎರಡನೆಯ ಹೆಜ್ಜೆ: ದಾರಿ

ನಮ್ಮೂರಿನ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಹೊಸ ಎಣಿಕೆಯ ರಾಷ್ಟ್ರೀಯ ಹೆದ್ದಾರಿ 73ರ ಒಂದು ತುದಿ ಮಂಗಳೂರು, ಇನ್ನೊಂದು ತುದಿ ತುಮಕೂರು. ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಸಾಗಿ, ಚಾರ್ಮಾಡಿ ಘಟ್ಟ ಇಳಿದು, ಉಜಿರೆ, ಬೆಳ್ತಂಗಡಿ, ಬಂಟ್ವಾಳ ದಾಟಿ ಅದು ಕಡಲ ಊರನ್ನು ಸೇರುತ್ತದೆ. ಎರಡನೆಯ ದಾರಿ ಹೆಬ್ಬೂರಿನ ಮೇಲೆ ಕುಣಿಗಲ್ ಸೇರಿ, ಅಲ್ಲಿಂದ ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಟ್ಟ, ಉಪ್ಪಿನಂಗಡಿಯ ಮೂಲಕ ಹೋಗುತ್ತದೆ. ಎರಡೂ ದಾರಿಯಲ್ಲಿ ಊಟ, ಕಾಫಿ ಸೇರಿ ಏಳರಿಂದ ಎಂಟು ಗಂಟೆ ಹಿಡಿಯಬೇಕು.

ಹೋಗುವಾಗ ಶಿರಾಡಿ, ಬರುವಾಗ ಚಾರ್ಮಾಡಿ ಎಂಬುದು ನನ್ನ ಸಲಹೆ. ಶಿರಾಡಿಯಲ್ಲಿ ದಾರಿ ಅಗಲವಾಗಿದ್ದರೂ ಲಾರಿ, ಟ್ಯಾಂಕರ್‌ಗಳ ಸಾಲು ದೊಡ್ಡದು. ಬೆಳಗ್ಗೆ ಐದಕ್ಕೆ ತುಮಕೂರು ಬಿಟ್ಟರೆ ಹತ್ತರ ಒಳಗೆ ಘಟ್ಟದ ತಲೆಗೆ ತಲುಪಬಹುದು. ಚಾರ್ಮಾಡಿಯ ತಿರುವುಗಳು ಕಿರಿದು, ಆದರೆ ನೋಟ ಹೆಚ್ಚು. ಅಲ್ಲಿ ನಿಂತು ಫೋಟೊ ತೆಗೆಯುವ ಚಟ ಇದ್ದವರು ತಿರುವಿನಲ್ಲಿ ಮಾತ್ರ ಗಾಡಿ ನಿಲ್ಲಿಸಬಾರದು. ಮಳೆಗಾಲದಲ್ಲಿ ಎರಡೂ ಘಟ್ಟಗಳಲ್ಲಿ ಸಂಚಾರಕ್ಕೆ ನಿರ್ಬಂಧ ಬರುವುದು ವಾಡಿಕೆಯಾಗಿದೆ, ಹೊರಡುವ ಹಿಂದಿನ ರಾತ್ರಿ ಸುದ್ದಿ ನೋಡಿಯೇ ದಾರಿ ಆರಿಸಬೇಕು.

ರೈಲಿನ ದಾರಿಯನ್ನು ಒಮ್ಮೆಯಾದರೂ ಹಿಡಿಯಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ. ರೈಲು ಜಗ್ಗುತ್ತ ನಿಧಾನವಾಗಿ ಇಳಿಯುವುದರಿಂದ ಕಣಿವೆಯನ್ನು ನೋಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. 2021ರ ಜುಲೈನಿಂದ ಈ ದಾರಿಯಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳು ಬಂದವು. ಹಗಲು ರೈಲೇ ಎಂದು ಖಚಿತಪಡಿಸಿಕೊಂಡು ಟಿಕೆಟ್ ಮಾಡಿಸಬೇಕು, ಏಕೆಂದರೆ ರಾತ್ರಿಯ ರೈಲಿನಲ್ಲಿ ಘಟ್ಟವೂ ಒಂದೇ, ಗುಬ್ಬಿಯ ಬಯಲೂ ಒಂದೇ.

ಮೂರನೆಯ ಹೆಜ್ಜೆ: ಉಳಿಯುವ ಜಾಗ ಮತ್ತು ಓಡಾಟ

ಹಂಪನಕಟ್ಟೆಯ ಆಸುಪಾಸಿನಲ್ಲಿ ಉಳಿದರೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆ ಮೂರೂ ಹತ್ತಿರ. ಸರ್ಕಾರಿ ಬಸ್ಸಿನಲ್ಲಿ ಬಂದವರು ಬಿಜೈ ನಿಲ್ದಾಣದಲ್ಲಿ ಇಳಿಯುತ್ತಾರೆ. ನಗರದೊಳಗೆ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸುಗಳು. ಅವುಗಳಿಗೆ ನಂಬರೂ ಇದೆ, ಹೆಸರೂ ಇದೆ. ಕಂಡಕ್ಟರ್ ಸೀಟಿ ಊದಿದ ಮರುಕ್ಷಣ ಬಸ್ಸು ಹೊರಟಿರುತ್ತದೆ, ನಮ್ಮಲ್ಲಿನಂತೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಷ್ಟು ಪುರುಸೊತ್ತು ಇರುವುದಿಲ್ಲ.

ಮಾತಿನ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಕಿವಿಗೆ ಬೀಳುತ್ತಿದ್ದರೂ ಎಲ್ಲರಿಗೂ ಕನ್ನಡ ಬರುತ್ತದೆ. ಊರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ ಎಂಬ ಹೆಸರುಗಳಿವೆ. ಅಲ್ಲಿನ ಕನ್ನಡದಲ್ಲಿ ‘ಇದೆ’ ಎನ್ನುವ ಕಡೆ ‘ಉಂಟು’, ‘ಏನು’ ಎನ್ನುವ ಕಡೆ ‘ಎಂತ’. ನಮ್ಮ ಕಡೆಯ ಸಲುಗೆಯ ‘ಲೇ’, ‘ಬಾರೋ’ ಅಪರಿಚಿತರ ಬಳಿ ಅಲ್ಲಿ ನಡೆಯುವುದಿಲ್ಲ. ಆಟೊ ಚಾಲಕರನ್ನೂ ‘ನೀವು’ ಎಂದೇ ಕರೆಯುವುದು ಕ್ಷೇಮ.

ನಾಲ್ಕನೆಯ ಹೆಜ್ಜೆ: ಮೊದಲ ಹಗಲು, ಊರಿನ ಒಳಗೆ

ಬೆಳಗ್ಗೆ ಆರೂವರೆಯ ಹೊತ್ತಿಗೆ ಹಳೆಯ ಬಂದರಿನ ದಕ್ಕೆಗೆ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಕಟ್ಟೆಗೆ, ಹೋಗಬೇಕು. ಮೀನು ತಿನ್ನದವರೂ ಇದನ್ನು ತಪ್ಪಿಸಿಕೊಳ್ಳಬಾರದು ಎಂದೇ ನನ್ನ ವಾದ, ಮೂಗಿಗೆ ಕರವಸ್ತ್ರ ಹಿಡಿದುಕೊಂಡಾದರೂ ಸರಿ. ಬೋಟಿನಿಂದ ಇಳಿಯುವ ಬುಟ್ಟಿಗಳಲ್ಲಿ ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಮಾಂಜಿ. ನೆಲದ ತುಂಬ ಮಂಜುಗಡ್ಡೆ ಕರಗಿದ ನೀರು. ಮಾತಿಗಿಂತ ಬೆರಳ ಸನ್ನೆಯಲ್ಲಿಯೇ ಮುಗಿಯುವ ಹರಾಜು. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಬುಟ್ಟಿ ಹೊತ್ತವರಿಗೆ ದಾರಿ ಬಿಟ್ಟು ಬದಿಯಲ್ಲಿ ನಿಲ್ಲಬೇಕು.

ಅಲ್ಲಿಂದ ಕೋಣೆಗೆ ಮರಳಿ ಮಿಂದು ಕದ್ರಿಗೆ ಹೋಗಬೇಕು. ಮಂಜುನಾಥನ ದರ್ಶನ ಮಾಡಿ ಹೊರಬರುವ ಅವಸರದಲ್ಲಿ ಬಹಳ ಮಂದಿ ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹವನ್ನು ನಿಂತು ನೋಡುವುದಿಲ್ಲ. ಮೂರು ಮುಖ, ಆರು ತೋಳುಗಳ ಆ ಮೂರ್ತಿಯ ಪೀಠದಲ್ಲಿ ಶಾಸನವಿದೆ. ತುಳುನಾಡನ್ನು ಆಳಿದ ಆಳುಪ ವಂಶದ ದೊರೆ ಕುಂದವರ್ಮ 968ರಲ್ಲಿ ಅದನ್ನು ಪ್ರತಿಷ್ಠಾಪಿಸಿದನೆಂದು ಅದರಿಂದ ತಿಳಿಯುತ್ತದೆ. ಬೌದ್ಧರ ಅವಲೋಕಿತೇಶ್ವರನ ಲಕ್ಷಣಗಳು ಇರುವ ವಿಗ್ರಹವೊಂದು ಶಿವಾಲಯದಲ್ಲಿ ಪೂಜೆಗೊಳ್ಳುತ್ತಿರುವುದನ್ನು ಕಂಡಾಗ ಆ ಗುಡ್ಡ ಎಷ್ಟು ಹಳೆಯದೆಂಬ ಅಂದಾಜು ಸಿಗುತ್ತದೆ. ಗುಡಿಯ ಹಿಂಬದಿಯ ಕೆರೆಗಳನ್ನು ದಾಟಿ ಮೆಟ್ಟಿಲೇರಿದರೆ ನಾಥಪಂಥದ ಜೋಗಿ ಮಠವಿದೆ.

ಬಿಸಿಲು ಏರುವ ಹೊತ್ತಿಗೆ ಬಾವುಟಗುಡ್ಡೆಗೆ ಬರಬೇಕು. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯದ ರೈತ ಬಂಡಾಯದವರು ಮಂಗಳೂರನ್ನು ಹಿಡಿದು ಬಾವುಟ ಹಾರಿಸಿದ ಗುಡ್ಡ ಇದು. ಈಗ ಅಲ್ಲಿ ಆ ಬಂಡಾಯದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯಿದೆ, ಪಕ್ಕದಲ್ಲಿ ಹಳೆಯ ದೀಪಸ್ತಂಭವಿದೆ. ಅದೇ ಗುಡ್ಡದಲ್ಲಿ ಸೇಂಟ್ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ. ಹೊರಗಿನಿಂದ ಸಾಧಾರಣವಾಗಿ ಕಾಣುವ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲಿಯೂ ಬಣ್ಣವಿಲ್ಲದ ಅಂಗೈಯಗಲ ಜಾಗ ಸಿಗುವುದಿಲ್ಲ. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಅಟ್ಟಣಿಗೆ ಏರಿ ಬರೆದದ್ದು ಇದು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ, ಚಾವಣಿಯ ದೊಡ್ಡ ಚಿತ್ರಗಳು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ. ಮೊದಲು ನಡುವಿನ ಬೆಂಚಿನಲ್ಲಿ ಕುಳಿತು ಕತ್ತೆತ್ತಿ ಐದು ನಿಮಿಷ ಸುಮ್ಮನೆ ನೋಡಬೇಕು. ಕಲ್ಲಿನಲ್ಲಿ ಕೊರೆದಂತೆ ಕಾಣುವ ಅಂಚುಪಟ್ಟಿಗಳೂ ಬಣ್ಣದಲ್ಲಿ ಬರೆದವೇ ಎಂಬುದು ಆಗ ನಿಧಾನವಾಗಿ ಹೊಳೆಯುತ್ತದೆ. ಒಳಗೆ ಫೋಟೊ ತೆಗೆಯುವಂತಿಲ್ಲ. ಅದು ಒಳ್ಳೆಯದೇ ಆಯಿತು ಎಂದು ನನಗೆ ಅನ್ನಿಸಿತು.

ಮಧ್ಯಾಹ್ನದ ಮೇಲೆ ಬಿಜೈನಲ್ಲಿರುವ ಸೀಮಂತಿಬಾಯಿ ಸರ್ಕಾರಿ ವಸ್ತುಸಂಗ್ರಹಾಲಯ ನೋಡಬಹುದು, ಬಿಟ್ಟರೂ ದೊಡ್ಡ ನಷ್ಟವಿಲ್ಲ. ಅದಕ್ಕಿಂತ ಬಂದರು ಪ್ರದೇಶದ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯ ಕಂಬಗಳು, ರಥಬೀದಿಯ ವೆಂಕಟರಮಣ ದೇವಸ್ಥಾನ, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿಯ ಗೋಕರ್ಣನಾಥೇಶ್ವರ ಕ್ಷೇತ್ರ ಇವನ್ನು ಒಂದೇ ಸುತ್ತಿನಲ್ಲಿ ಮುಗಿಸುವುದು ಮೇಲು. ನವರಾತ್ರಿಯಲ್ಲಿ ಹೋದವರಿಗೆ ಕುದ್ರೋಳಿಯ ದಸರಾ ಸಿಗುತ್ತದೆ. ಮಾರುಕಟ್ಟೆಯಲ್ಲಿ ಹೂ ಕೊಳ್ಳುವ ಹೆಂಗಸರಿಗೆ ಒಂದು ಸೂಚನೆ: ಅಲ್ಲಿ ಮಲ್ಲಿಗೆಯ ಲೆಕ್ಕ ಮೊಳ, ಮಾರಿನಲ್ಲಲ್ಲ, ಚೆಂಡು ಮತ್ತು ಅಟ್ಟೆಯಲ್ಲಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಲೆ ದಿನಕ್ಕೊಂದಾಗುವುದರಿಂದ ಕೇಳಿಯೇ ಕೈ ಹಾಕಬೇಕು.

ನಮ್ಮ ಜಿಲ್ಲೆಯ ಹಳೆಯ ಮನೆಗಳ ಸೂರಿನಲ್ಲಿರುವ ‘ಮಂಗಳೂರು ಹೆಂಚಿನ’ ತವರೂ ಇದೇ ಊರು. 1834ರಲ್ಲಿ ಇಲ್ಲಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1865ರಲ್ಲಿ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಅವರ ಪೈಕಿಯವರೇ ಆದ ಹೆರ್ಮನ್ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು.

ಐದನೆಯ ಹೆಜ್ಜೆ: ಎರಡನೆಯ ಹಗಲು, ನದಿ ಮತ್ತು ಕಡಲು

ಬೆಳಗ್ಗೆ ಮೂಡುಶೆಡ್ಡೆಯ ಪಿಲಿಕುಳ ನಿಸರ್ಗಧಾಮಕ್ಕೆ ಹೋಗುವುದು ಮಕ್ಕಳಿದ್ದವರಿಗೆ ಅನುಕೂಲ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ, ಹುಲಿಗಳು ನೀರು ಕುಡಿಯುತ್ತಿದ್ದ ಕೊಳ ಎಂಬುದು ಹೆಸರಿನ ಅರ್ಥ. ಮೃಗಾಲಯ, ತಾರಾಲಯ, ಕೆರೆ, ತುಳುನಾಡಿನ ಹಿರಿಯ ಮನೆತನಗಳ ದೊಡ್ಡಮನೆಯಾದ ಗುತ್ತುಮನೆಯ ಮಾದರಿ ಎಲ್ಲವೂ ಒಂದೇ ಆವರಣದಲ್ಲಿವೆ. ವಾರದ ರಜೆ ಸೋಮವಾರ, ಆ ದಿನ ಹೋಗಬಾರದು.

ಮೂರೂವರೆಯ ಹೊತ್ತಿಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಬರಬೇಕು. ಶತ್ರುಗಳ ಹಡಗು ಗುರುಪುರ ನದಿಯೊಳಗೆ ನುಗ್ಗದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು ಅದು. ಮೇಲೇರಿ ಫಿರಂಗಿ ಕಿಂಡಿಗಳಿಂದ ನೋಡಿದರೆ ಕೆಳಗೆ ನದಿ, ಅದರಾಚೆ ಮರಗಳ ಒಂದು ತೆಳು ಪಟ್ಟಿ, ಪಟ್ಟಿಯಾಚೆ ಅರಬ್ಬೀ ಸಮುದ್ರ. ಆ ಪಟ್ಟಿಯೇ ತಣ್ಣೀರುಬಾವಿ. ಬುರುಜಿನ ಪಕ್ಕದಿಂದ ನದಿ ದಾಟಿಸುವ ದೋಣಿ ಇದೆ. ರಸ್ತೆಯಲ್ಲಿ ಸುತ್ತಿಕೊಂಡು ಹೋಗುವ ಬದಲು ಅದನ್ನು ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಡ, ಅಲ್ಲಿಂದ ಸ್ವಲ್ಪ ನಡೆದರೆ ಕಡಲು. ನನ್ನ ಮಟ್ಟಿಗೆ ಮಂಗಳೂರಿನ ಅತಿ ಅಗ್ಗದ, ಅತಿ ಚೆಂದದ ಪ್ರಯಾಣ ಇದು. ಮರಳುವ ದೋಣಿ ಎಷ್ಟು ಹೊತ್ತಿನವರೆಗೆ ಇರುತ್ತದೆ ಎಂದು ಇಳಿಯುವಾಗಲೇ ಕೇಳಿಕೊಳ್ಳಬೇಕು, ಮಳೆಗಾಲದಲ್ಲಿ ದೋಣಿಯನ್ನು ನೆಚ್ಚಬಾರದು. ಸೂರ್ಯ ಮುಳುಗುವುದು ನವೆಂಬರ್ ಕೊನೆಗೆ ಆರು ಗಂಟೆಯ ಆಸುಪಾಸಿನಲ್ಲಿ, ಏಪ್ರಿಲ್‌ನಲ್ಲಿ ಆರೂಮುಕ್ಕಾಲರ ಸುಮಾರಿಗೆ.

ತಣ್ಣೀರುಬಾವಿಯ ಉತ್ತರಕ್ಕೆ ನವ ಮಂಗಳೂರು ಬಂದರು, ಅದರ ಪಕ್ಕದಲ್ಲಿ ಪಣಂಬೂರು ತೀರ. ಅಲ್ಲಿ ಜನ ಹೆಚ್ಚು, ಕುದುರೆ, ಒಂಟೆ, ಚುರುಮುರಿ ಎಲ್ಲ ಉಂಟು. ಲಂಗರು ಹಾಕಿ ನಿಂತ ಹಡಗುಗಳ ದೀಪಗಳು ಕತ್ತಲಾದ ಮೇಲೆ ದೂರದಲ್ಲಿ ಹೊತ್ತಿಕೊಳ್ಳುವುದನ್ನು ನೋಡಲು ಇಲ್ಲಿ ಅರ್ಧ ಗಂಟೆ ಹೆಚ್ಚು ಕೂರಬೇಕು. ದಕ್ಷಿಣಕ್ಕೆ ಹೋದರೆ ನೇತ್ರಾವತಿ ಸೇತುವೆ ದಾಟಿ ಉಳ್ಳಾಲ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು. ಅದರಾಚೆ ಸೋಮೇಶ್ವರ, ಬಂಡೆಯ ಮೇಲಿನ ದೇವಸ್ಥಾನದ ಬಳಿ ನಿಂತು ಅಲೆ ಬಡಿಯುವುದನ್ನು ನೋಡಬೇಕೇ ಹೊರತು ಅಲ್ಲಿ ನೀರಿಗೆ ಇಳಿಯಬಾರದು.

ನೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಯಲುಸೀಮೆಯವರು ಮೋಸಹೋಗುವುದು ಇಲ್ಲಿಯೇ. ಬಾವಿ, ಕೆರೆಯಲ್ಲಿ ಈಜು ಕಲಿತವರಿಗೆ ನಿಂತ ನೀರಿನ ಅಭ್ಯಾಸವಿರುತ್ತದೆ. ಕಡಲಿನಲ್ಲಿ ದಡಕ್ಕೆ ಬಂದ ಅಲೆ ಹಿಂದಿರುಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ; ಕೆಲವೆಡೆ ಹಿಂದಿರುಗುವ ನೀರೆಲ್ಲ ಒಂದೇ ಕಾಲುವೆಯಂತೆ ಕೂಡಿ ರಭಸವಾಗಿ ಒಳಕ್ಕೆ ಹರಿಯುತ್ತದೆ. ಅಲೆಗಳು ಮುರಿಯದೆ ನಯವಾಗಿ, ಶಾಂತವಾಗಿ ಕಾಣುವ ಪಟ್ಟಿಯೇ ಹೆಚ್ಚಾಗಿ ಆ ಕಾಲುವೆ. ಅಂಥ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಎದುರು ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬಂದು ಆಮೇಲೆ ಒಳಬರಬೇಕು. ನಮ್ಮ ಜೊತೆ ಬಂದಿದ್ದ ಹುಡುಗನೊಬ್ಬ, ಊರ ಕೆರೆಯನ್ನು ಎರಡು ಸಲ ದಾಟಿದವನು, ಮೊಳಕಾಲುದ್ದ ನೀರಿನಲ್ಲಿ ಬೆನ್ನು ಕಡಲಿಗೆ ಹಾಕಿ ಫೋಟೊಗೆ ನಿಂತಿದ್ದಾಗ ಬಿದ್ದು ಉರುಳಿಕೊಂಡು ಹೋದ. ಜೀವರಕ್ಷಕರು ಸೀಟಿ ಊದುತ್ತ ಓಡಿಬಂದು ಎಳೆದರು. ಕನ್ನಡಕ ಕಡಲಿಗೇ ಸಂದಿತು. ಸಮುದ್ರಕ್ಕೆ ಎಂದೂ ಬೆನ್ನು ಹಾಕಬಾರದು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಊಟದ ಲೆಕ್ಕ

ರಾಗಿಮುದ್ದೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹೊಟ್ಟೆಗೆ ಕುಚ್ಚಲಕ್ಕಿ ಅನ್ನ ಮೊದಲ ದಿನ ಒರಟಾಗಿ ಕಾಣುತ್ತದೆ, ಎರಡನೆಯ ದಿನ ಒಗ್ಗುತ್ತದೆ. ಬೆಳಗ್ಗೆ ನೀರುದೋಸೆ ಅಥವಾ ಬನ್ಸ್, ಸಂಜೆ ಗೋಳಿಬಜೆ. ಮಾಂಸಾಹಾರಿಗಳು ಕೋರಿರೊಟ್ಟಿ ಕೇಳಿ ತಿನ್ನಬೇಕು. ಹಪ್ಪಳದಂತೆ ಗರಿಗರಿಯಾದ ಅಕ್ಕಿರೊಟ್ಟಿಯನ್ನು ಮುರಿದು ಹರಡಿ, ಬಿಸಿ ಕೋಳಿಸಾರನ್ನು ಮೇಲೆ ಸುರಿದು, ಅರ್ಧ ಮೆತ್ತಗಾಗುವ ಹೊತ್ತಿಗೆ ಬಾಯಿಗಿಡಬೇಕು; ಪೂರ್ತಿ ನೆನೆದರೆ ಅದು ಗಂಜಿ. ಎಲ್ಲ ಸಾರಿನಲ್ಲಿಯೂ ತೆಂಗಿನಕಾಯಿ ಧಾರಾಳ. ತಿಪಟೂರಿನವರಿಗೆ ಈ ವಿಷಯದಲ್ಲಿ ತಕರಾರು ಇರಲಾರದು. ರಾತ್ರಿ ಊಟದ ಮೇಲೆ ಗಡ್‌ಬಡ್ ಐಸ್‌ಕ್ರೀಮ್ ಇಬ್ಬರಿಗೆ ಒಂದು ಸಾಕು.

ಆರನೆಯ ಹೆಜ್ಜೆ: ಮೂಡುಬಿದಿರೆ, ಕಾರ್ಕಳ

ಮೂರನೆಯ ದಿನ ಈಶಾನ್ಯದ ಕಡೆ ಹೊರಡಬೇಕು. ಸುಮಾರು 35 ಕಿಲೋಮೀಟರ್ ದೂರದ ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳಿವೆ. ಹೊತ್ತಿಲ್ಲದವರು 1430ರ ಸಾವಿರ ಕಂಬದ ಬಸದಿ ಒಂದನ್ನೇ ನಿಧಾನವಾಗಿ ನೋಡುವುದು ಮೇಲು. ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎನ್ನುವ ಮಾತನ್ನು ಪರೀಕ್ಷಿಸಲು ಮಕ್ಕಳನ್ನು ಬಿಡಬಹುದು. ಎದುರಿನ ಭೈರಾದೇವಿ ಮಂಟಪದ ಅಡಿಪಟ್ಟಿಯ ಬಳಿ ಬಗ್ಗಿ ಹುಡುಕಿದರೆ ಜಿರಾಫೆ ಮತ್ತು ಚೀನೀ ಡ್ರ್ಯಾಗನ್ನಿನ ಉಬ್ಬುಚಿತ್ರಗಳು ಸಿಗುತ್ತವೆ. ಕರಿಮೆಣಸು ಕೊಳ್ಳಲು ಬಂದ ಹಡಗುಗಳ ಜೊತೆ ಯಾವ ಯಾವ ಕಥೆಗಳು ಈ ಊರಿಗೆ ಬಂದವೋ ಎಂದು ಅಲ್ಲಿ ನಿಂತಾಗ ಅನ್ನಿಸುತ್ತದೆ.

ಅಲ್ಲಿಂದ ಕಾರ್ಕಳ ಹದಿನೆಂಟು ಕಿಲೋಮೀಟರ್. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ ಬರಿಯ ಬಂಡೆಯ ಮೇಲಿದ್ದಾನೆ, ಬರಿಗಾಲಿನಲ್ಲಿ ಏರಬೇಕಾದ್ದರಿಂದ ಹತ್ತು ಗಂಟೆಯ ಮೊದಲು ಅಥವಾ ನಾಲ್ಕರ ಮೇಲೆ ಹೋಗಬೇಕು. ಕೆಳಗೆ ಎದುರಿಗೇ 1586ರ ಚತುರ್ಮುಖ ಬಸದಿ. ನಾಲ್ಕೂ ದಿಕ್ಕಿನಿಂದ ಒಂದೇ ರೂಪ. ಶ್ರವಣಬೆಳಗೊಳವನ್ನು ನೋಡಿದವರು ‘ಇದೇನು ಚಿಕ್ಕದು’ ಎನ್ನುವುದನ್ನು ಕೇಳಿದ್ದೇನೆ. ಆದರೆ ಅಲ್ಲಿ ಸಿಗದ ಒಂದು ನೋಟ ಇಲ್ಲಿದೆ: ಮೂರ್ತಿಯ ಹಿಂದೆ ಇಡೀ ಪಶ್ಚಿಮಘಟ್ಟದ ನೀಲಿ ಗೋಡೆ.

ಏಳನೆಯ ಹೆಜ್ಜೆ: ಕರಾವಳಿ ಹೆದ್ದಾರಿಯಲ್ಲಿ ಉಡುಪಿ

ನಾಲ್ಕನೆಯ ದಿನ ಹೆದ್ದಾರಿ 66ರಲ್ಲಿ ಉತ್ತರಕ್ಕೆ. ನೇರವಾಗಿ ಮಲ್ಪೆಗೆ ಹೋಗಿ ಬೆಳಗಿನ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ ಸೇರಬೇಕು. ಕಡಲಿನೊಳಗೆ ಆರೇಳು ಕಿಲೋಮೀಟರ್ ದೂರದಲ್ಲಿರುವ ಅಲ್ಲಿನ ಬಂಡೆಗಳು ಬಡಗಿ ಕೆತ್ತಿದ ಕಂಬಗಳಂತೆ ಐದಾರು ಮುಖಗಳಾಗಿ ಎದ್ದು ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ ಬಿರುಕುಬಿಟ್ಟು ಹೀಗಾಯಿತು. ಕೆರೆಯ ಒಣಗಿದ ಕೆಸರು ಬಿರುಕುಬಿಡುವುದನ್ನು ಕಂಡ ನಮಗೆ ಅದರ ಬಗೆಯನ್ನು ಊಹಿಸುವುದು ಕಷ್ಟವಲ್ಲ. ನೆರಳು ಕಡಿಮೆ, ಟೋಪಿ ಬೇಕೇ ಬೇಕು.

ಮಧ್ಯಾಹ್ನ ಕೃಷ್ಣಮಠ ಮತ್ತು ರಥಬೀದಿ. ಕರಾವಳಿಯ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆಯಬೇಕಾಗುವುದರಿಂದ ಹೆಗಲಿಗೊಂದು ಶಲ್ಯ ಇಟ್ಟುಕೊಳ್ಳುವುದು ವಾಸಿ. ಮರಳುವಾಗ ಸಂಜೆಗೆ ಕಾಪು ತಲುಪುವಂತೆ ಹೊರಡಬೇಕು. ಬಂಡೆಯ ಮೇಲಿನ ಅಲ್ಲಿನ ದೀಪಸ್ತಂಭ 1901ರದು. ಸಂಜೆ ನಿಗದಿತ ಹೊತ್ತಿನಲ್ಲಿ ಮೇಲೇರಲು ಬಿಡುತ್ತಾರೆ. ಸುರುಳಿ ಮೆಟ್ಟಿಲು ಕಿರಿದಾದ್ದರಿಂದ ಮಂಡಿನೋವಿನವರು ಕೆಳಗೆ ಬಂಡೆಯ ಮೇಲೆ ಕುಳಿತರೂ ಸೂರ್ಯಾಸ್ತ ತಪ್ಪುವುದಿಲ್ಲ. ಸ್ವಚ್ಛ ತೀರ ಬೇಕೆನ್ನುವವರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಪಡುಬಿದ್ರಿ ಇದೇ ದಾರಿಯಲ್ಲಿದೆ.

ಕೊನೆಯ ಹೆಜ್ಜೆ: ಮರಳುವ ದಾರಿ

ಬೆಳಗ್ಗೆ ಆರಕ್ಕೆ ಮಂಗಳೂರು ಬಿಟ್ಟರೆ ಧರ್ಮಸ್ಥಳದ ದರ್ಶನವನ್ನೂ ಸೇರಿಸಿಕೊಂಡು ಚಾರ್ಮಾಡಿ ಏರಬಹುದು. ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಮೂರು ಗಂಟೆಯ ಒಳಗೆ ಬೇಲೂರು ಸೇರಿದರೆ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಗೆ ಒಂದೂವರೆ ಗಂಟೆ ಕೊಡಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲೆ ಜನಸಂದಣಿ ಹೆಚ್ಚಿದೆ. ಹೊತ್ತು ಮೀರಿದ್ದರೆ ಹಳೇಬೀಡನ್ನು ಇನ್ನೊಂದು ಭಾನುವಾರಕ್ಕೆ ಬಿಡುವುದೇ ಸರಿ, ಅದು ನಮ್ಮೂರಿನಿಂದ ಒಂದು ಹಗಲಿನ ದಾರಿ. ಅರಸೀಕೆರೆ ಕಳೆದು ತಿಪಟೂರಿನ ತೆಂಗಿನ ತೋಟಗಳು ಶುರುವಾದರೆ ತುಮಕೂರಿಗೆ ಇನ್ನೊಂದೂವರೆ ಗಂಟೆ.

ಸ್ವಂತ ಗಾಡಿಯಲ್ಲಿ ಹೋದವರು ಮರುದಿನವೇ ಅದರ ಅಡಿಭಾಗಕ್ಕೆ ಸಿಹಿನೀರು ಹಾಯಿಸಿ ತೊಳೆಸಬೇಕು. ಕಡಲ ಬದಿಯಲ್ಲಿ ನಾಲ್ಕು ದಿನ ನಿಂತ ಗಾಡಿಗೆ ಉಪ್ಪು ಹಿಡಿದಿರುತ್ತದೆ. ಸೀಟಿನ ಸಂದಿಯ ಮರಳು ಮಾತ್ರ ಎಷ್ಟು ಕೊಡವಿದರೂ ಮುಂದಿನ ದೀಪಾವಳಿಯವರೆಗೆ ಸಿಗುತ್ತಲೇ ಇರುತ್ತದೆ.